ವಾರ ಹಿಂದಕ್ಕಿಟ್ಟ ತಾರೀಖು

ನಮ್ಮ ಲಿಫ್ಟ್ ಕಂಪನಿಯಲ್ಲಿ ಕಂಪ್ಯೂಟರ್ ಅಂದರೆ ನಾನು. ಬೇರೆ ಯಾರಿಗೂ ಅದರ ತಲೆಬುಡ ಗೊತ್ತಿಲ್ಲ. ಪ್ರಿಂಟರಿನಲ್ಲಿ ಹಾಳೆ ಸಿಕ್ಕಿಕೊಂಡರೂ ನನ್ನನ್ನೇ ಕೂಗುತ್ತಾರೆ, ಮೌಸು ಕೆಳಗೆ ಬಿದ್ದು ಒಡೆದರೂ ನನ್ನನ್ನೇ ಬೈಯುತ್ತಾರೆ. ಹನ್ನೊಂದು ವರ್ಷ ಬೈಸಿಕೊಂಡು ಬೈಸಿಕೊಂಡು ನನಗೂ ಉದ್ದ ನಾಲಿಗೆ ಬೆಳೆದಿದೆ. ಸಾಹೇಬರ ಮುಂದೆ ಆಡಿದೆ, ಅಮ್ಮನ ಮುಂದೆ ಆಡಿದೆ, ಬಸ್ಸಿನಲ್ಲಿ ಗುರುತಿಲ್ಲದವರ ಮುಂದೂ ಆಡಿದೆ. ಆಡಲೇಬೇಕಾಗಿದ್ದ ದಿನ ಮಾತ್ರ ಆಡಲಿಲ್ಲ.

ಈ ಕೆಲಸ ಕೊಡಿಸಿದ್ದು ಭಾವ, ನನ್ನ ಅಕ್ಕನ ಗಂಡ. ಇದೇ ಕಂಪನಿಯಲ್ಲಿ ಇಪ್ಪತ್ತಾರು ವರ್ಷ ಮೆಕ್ಯಾನಿಕ್ ಆಗಿದ್ದವರು. ಅಪ್ಪ ತೀರಿಕೊಂಡಾಗ ನನಗೆ ಒಂಬತ್ತು. ರಜೆಯ ದಿನ ಮನೆಯಲ್ಲಿ ನನ್ನ ಕಾಟ ತಡೆಯಲಾರದೆ ಅಕ್ಕ ನನ್ನನ್ನು ಭಾವನ ಬೆನ್ನಿಗೆ ಕಟ್ಟಿ ಕಳಿಸುತ್ತಿದ್ದಳು. ಕಟ್ಟಡದ ನೆತ್ತಿಯ ಮೇಲೆ ಲಿಫ್ಟಿನ ಯಂತ್ರದ ಕೋಣೆ ಇರುತ್ತದಲ್ಲ, ಅಲ್ಲಿ ಎಣ್ಣೆ ವಾಸನೆಯ ನಡುವೆ ಒಂದು ಡಬ್ಬ ಬೋರಲು ಹಾಕಿ ನನ್ನನ್ನು ಕೂರಿಸುತ್ತಿದ್ದರು. ಕರೆಂಟ್ ತೆಗೆದ ಕೂಡಲೇ ಯಾವ ತಂತಿಗೂ ಕೈ ಹಾಕುತ್ತಿರಲಿಲ್ಲ. ತುಟಿ ಅಲ್ಲಾಡಿಸುತ್ತಾ ನಿಲ್ಲುತ್ತಿದ್ದರು.

“ಏನ್ ಭಾವ, ಮಂತ್ರ ಹೇಳ್ತಿದ್ದೀರಾ?”

“ಹತ್ತು ಎಣಿಸ್ತಿದ್ದೀನಿ ಪುಟ್ಟಿ. ಕರೆಂಟ್ ಹೋದ್ರೂ ಒಳಗೆ ಸ್ವಲ್ಪ ಉಳ್ಕೊಂಡಿರುತ್ತೆ. ಅದು ತಾನಾಗೇ ಇಳೀಲಿ ಅಂತ ಕಾಯ್ಬೇಕು. ಆಮೇಲೆ ಕೈ ಹಾಕ್ಬೇಕು.”

ಆ ಮನುಷ್ಯನ ಬಾಯಿಂದ ಸುಳ್ಳು ಬಂದದ್ದು ನಾನು ಕೇಳಿರಲಿಲ್ಲ. ಅಕ್ಕ ಮಾಡಿದ ಸಾರಿಗೆ ಉಪ್ಪು ಹೆಚ್ಚಾಗಿದ್ದರೆ, ನೆಂಟರು ಕೂತಿದ್ದರೂ ಸರಿ, ಹೆಚ್ಚಾಗಿದೆ ಅಂತಲೇ ಹೇಳಿ ಬೈಸಿಕೊಳ್ಳುವ ಪೈಕಿ.

ಆ ಯಂತ್ರದ ಕೋಣೆಗಳಲ್ಲೆಲ್ಲ ಮೊಳೆಗೆ ಒಂದು ದಪ್ಪ ಕಾರ್ಡು ನೇತಾಡುತ್ತಿತ್ತು. ತಿಂಗಳಿಗೊಮ್ಮೆ ತಪಾಸಣೆಗೆ ಹೋದವರು ತಾರೀಖು, ಕಂಡದ್ದು, ಸಹಿ ಬರೆದು ಬರಬೇಕು. ಎರಡು ವರ್ಷದ ಹಿಂದೆ ಕಂಪನಿಯವರು ಕಾರ್ಡಿನ ಬದಲು ಟ್ಯಾಬ್ಲೆಟ್ ತಂದರು. ಆಫೀಸಿನೊಳಗೆ ಮಾತ್ರ ಓಡುತ್ತಿದ್ದ ನಮ್ಮ ತಪಾಸಣೆಯ ಪುಟವನ್ನು ಇನ್ನು ಮೆಕ್ಯಾನಿಕ್‌ಗಳು ಎಲ್ಲಿಂದ ಬೇಕಾದರೂ ತೆರೆಯಬೇಕಂತೆ. ನನ್ನ ಪಿತ್ತ ನೆತ್ತಿಗೇರಿತು. ಆ ಪುಟದಲ್ಲಿ ಇನ್ನೂರು ಕಟ್ಟಡಗಳ ಯಂತ್ರದ ಕೋಣೆಯ ಬಾಗಿಲ ಬೀಗದ ನಂಬರುಗಳಿದ್ದವು. ಆಫೀಸಿನ ನಾಲ್ಕು ಗೋಡೆಯೊಳಗೆ ಅದು ಬತ್ತಲೆ ಓಡಾಡಿದರೂ ನಡೆಯುತ್ತಿತ್ತು. ಬೀದಿಗೆ ಹೊರಟ ಮೇಲೆ ಬಟ್ಟೆ ಬೇಡವೇ?

ನಮ್ಮ ಮ್ಯಾನೇಜರ್ ಸಾಹೇಬರಿಗೆ ಎಲ್ಲರೂ ಇಟ್ಟ ಹೆಸರು ‘ನೋಡೋಣ’. ಏನು ಕೇಳಿದರೂ ಅದೊಂದೇ ಉತ್ತರ. ಹೋಗಿ ಹೇಳಿದೆ: “ಸರ್, ಪುಟಕ್ಕೆ ಎಚ್‌ಟಿಟಿಪಿಎಸ್ ಹಾಕ್ದೆ ಹೊರಗೆ ಬಿಡಬಾರ್ದು. ಈಗ ಹೋಗೋದು ಪೋಸ್ಟ್ ಕಾರ್ಡ್ ಥರ, ದಾರೀಲಿ ಸಿಕ್ಕಿದೋರೆಲ್ಲ ಓದ್ಬಹುದು. ಅದನ್ನ ಲಕೋಟೆಗೆ ಹಾಕಿ ಅಂಟಿಸ್ಬೇಕು.”

“ನಮ್ಮ ಲಿಫ್ಟಿನ ಗುಟ್ಟು ಯಾರಿಗೆ ಬೇಕಮ್ಮಾ? ಮೂಗಿಗಿಂತ ಮೂಗುತಿ ಭಾರ ಆಗಲ್ವಾ?” ಅಂದರು. ಆಮೇಲೆ ಅಭ್ಯಾಸ ಬಲದಿಂದ, “ನೋಡೋಣ.”

ನಾನು ನೋಡುತ್ತಾ ಕೂರಲಿಲ್ಲ. ನಾನೇ ಮಾಡಿದೆ. ಲಕೋಟೆ ಅಂಟಿಸುವುದಕ್ಕೆ ಒಂದು ಪ್ರಮಾಣಪತ್ರ ಬೇಕು. ‘ಇದು ನಮ್ಮ ಆಫೀಸಿನ ಯಂತ್ರವೇ, ಬೇರೆ ಯಾವುದೋ ಕಳ್ಳ ಯಂತ್ರವಲ್ಲ’ ಅಂತ ಟ್ಯಾಬ್ಲೆಟ್ಟಿಗೆ ಅದು ನಂಬಿಕೆ ಕೊಡುತ್ತದೆ. ಹೊರಗಿನವರಿಂದ ಬರೆಸಿ ತರಲು ಸಾಹೇಬರು ಒಪ್ಪಲಿಲ್ಲವಾದ್ದರಿಂದ ನಾನೇ ಬರೆದು ನನ್ನದೇ ಸಹಿ ಹಾಕಿ, ಇವಳ ಸಹಿಯನ್ನು ನಂಬು ಅಂತ ಒಂದೊಂದು ಟ್ಯಾಬ್ಲೆಟ್ಟಿಗೂ ಹೇಳಿಕೊಟ್ಟೆ. ಅವಧಿ ಒಂದು ವರ್ಷ. ಅವಧಿ ಮುಗಿದರೆ ಪುಟ ತೆರೆಯಕೂಡದು. ಬೇರೆ ಕಡೆ ‘ಅಪಾಯವಿದೆ, ಆದರೂ ಮುಂದೆ ಹೋಗು’ ಅಂತ ಒಂದು ಗುಂಡಿ ಇರುತ್ತದಲ್ಲ, ಅದನ್ನೂ ಕಿತ್ತುಹಾಕಿದೆ. ಪ್ರಮಾಣಪತ್ರ ಬದಲಿಸುವ ಕೆಲಸವನ್ನು ಆಫೀಸಿನ ನನ್ನ ಮೇಜಿನಿಂದ ಮಾತ್ರ ಮಾಡಲು ಬರುವಂತೆ ಇಟ್ಟೆ. ಹೊರಗಿನಿಂದ ಯಾರೂ ಮುಟ್ಟಬಾರದು ಅಂತ. ಆ ಯಾರೂ ಅನ್ನುವುದರಲ್ಲಿ ನಾನೂ ಸೇರಿದ್ದೆ ಅಂತ ಆಗ ಹೊಳೆಯಲಿಲ್ಲ. ಎಂಥ ಜಂಬ ನನಗೆ!

ಅವಧಿ ಮುಗಿಯುವ ಮುಂಚೆ ತಾನಾಗಿ ಹೊಸದು ಬರುವಂತೆ ಮಾಡುತ್ತೇನೆ, ಒಪ್ಪಿಗೆ ಕೊಡಿ ಅಂದೆ. “ನೋಡೋಣ.” ಸರಿ ಅಂತ ಮುಗಿಯುವ ತಾರೀಖನ್ನು ಹಳದಿ ಚೀಟಿಯಲ್ಲಿ ಬರೆದು ಪರದೆಯ ಅಂಚಿಗೆ ಅಂಟಿಸಿಕೊಂಡೆ.

ಗೋಡೆಯ ಕಾರ್ಡುಗಳನ್ನೆಲ್ಲ ಒಟ್ಟುಮಾಡಿಸಿ ತರಿಸಿದ್ದೂ ನಾನೇ. ಭಾವ ಮಾತ್ರ ಕೊನೆಯ ಕಟ್ಟು ಕೊಡುವಾಗ ರಾಗ ಎಳೆದರು.

“ಇರ್ಲಿ ಬಿಡು ಪುಟ್ಟಿ, ಅದರ ಪಾಡಿಗೆ ಅದು ನೇತಾಡ್ತಿರುತ್ತೆ. ಅನ್ನ ನೀರು ಕೇಳುತ್ತಾ?”

“ಭಾವ, ನೀವಿನ್ನೂ ಸ್ಲೇಟು ಬಳಪದ ಕಾಲದಲ್ಲೇ ಇದ್ದೀರ. ಇನ್ಮೇಲೆ ಫೋನೂ ಬೇಡ, ಕಾರ್ಡೂ ಬೇಡ. ಅರ್ಜೆಂಟ್ ಇದ್ರೆ ಪುಟದಲ್ಲಿ ಕೆಂಪು ಗುರುತು ಹಾಕಿ ಸಾಕು. ಸಾಹೇಬ್ರ ಪರದೇಲಿ ಆವತ್ತಿನ ಕೆಂಪು ಗುರುತೆಲ್ಲ ಮೇಲೇ ನಿಂತಿರುತ್ತೆ.”

“ನೀನು ಹೇಳಿದ್ಮೇಲೆ ಮುಗೀತು,” ಅಂದು ಕಟ್ಟು ಮೇಜಿನ ಮೇಲಿಟ್ಟರು.

ಅದೊಂದು ದಿನ ಮೇಲಿನ ಆಫೀಸಿನವರು ನೋಡಲು ಬರುತ್ತಾರೆಂದು ಎಲ್ಲ ಮೇಜುಗಳನ್ನೂ ಒರೆಸಿ ಫಳಫಳ ಅನ್ನಿಸಿದರು. ನನ್ನ ಪರದೆಯ ಸುತ್ತ ಇದ್ದ ಚೀಟಿಗಳೆಲ್ಲ ಕಸದ ಬುಟ್ಟಿ ಸೇರಿದವು. ಕಿರುಚಾಡಿದೆ. ಕಿರುಚಾಡಿದೆನೇ ಹೊರತು ಹೊಸ ಚೀಟಿ ಬರೆದು ಅಂಟಿಸಲಿಲ್ಲ.

ಪ್ರಮಾಣಪತ್ರದ ಅವಧಿ ಮುಗಿದದ್ದು ತಿಂಗಳ ಹತ್ತನೇ ತಾರೀಖು, ಶನಿವಾರ. ಸೋಮವಾರ, ಹನ್ನೆರಡನೇ ತಾರೀಖು, ಅಮ್ಮನ ಕಣ್ಣಿನ ಆಪರೇಶನ್, ನಾನು ಬುಧವಾರದವರೆಗೆ ರಜೆ. ಆ ವಾರ ಉಳಿದ ಮೆಕ್ಯಾನಿಕ್‌ಗಳೆಲ್ಲ ಹೊಸ ಕಟ್ಟಡದ ಜೋಡಣೆಯಲ್ಲಿದ್ದರು. ಟ್ಯಾಬ್ಲೆಟ್ ಹಿಡಿದು ತಪಾಸಣೆಗೆ ಹೊರಟವರು ಭಾವ ಒಬ್ಬರೇ. ಸೋಮವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ಅಮ್ಮನ ಕಣ್ಣಿಗೆ ಔಷಧಿ ಬಿಡುತ್ತಿದ್ದಾಗ ಅವರ ಫೋನು ಬಂತು.

“ಪುಟ್ಟಿ, ಪುಟ ತೆರೀತಾನೇ ಇಲ್ಲ. ನಂಬಿಕೆಗೆ ಅರ್ಹ ಅಲ್ಲ ಅಂತ ಏನೋ ಬರ್ತಿದೆ.”

ಹಳದಿ ಚೀಟಿ ನೆನಪಾಯಿತು. ಆಫೀಸಿಗೆ ಒಂದು ಗಂಟೆಯ ದಾರಿ. ಅಮ್ಮನ ಹತ್ತಿರ ನರ್ಸು ಇದ್ದರು, ಅಕ್ಕನೂ ಬರುವವಳಿದ್ದಳು. ಹೋಗಬಹುದಿತ್ತು. ನನಗೆ ನಾನೇ ಏನೇನು ಸಬೂಬು ಹೇಳಿಕೊಂಡರೂ, ಹೋಗಬಹುದಿತ್ತು.

“ಭಾವ, ಒಂದು ಕೆಲಸ ಮಾಡಿ. ಟ್ಯಾಬ್ಲೆಟ್ಟಿನ ತಾರೀಖನ್ನ ಒಂದು ವಾರ ಹಿಂದಕ್ಕೆ ಇಡಿ. ಅವಧಿ ಇನ್ನೂ ಮುಗಿದಿಲ್ಲ ಅಂದ್ಕೊಂಡು ಅದು ತೆರ್ಕೊಳ್ಳುತ್ತೆ. ಗುರುವಾರ ನಾನು ಬಂದು ಸರಿ ಮಾಡ್ತೀನಿ.”

“ತಾರೀಖು ಸುಳ್ಳು ಹೇಳಿದ್ರೆ ನಡೆಯುತ್ತಾ?”

“ಅಯ್ಯೋ, ಬಾಗಿಲು ತೆಗೆಯೋಕೆ ಅಷ್ಟೆ ಭಾವ. ನೀವು ಸುಳ್ಳು ಹೇಳ್ದಂಗೆ ಆಗಲ್ಲ.”

ನನ್ನ ಬಾಯಿಗೆ ಬೆಂಕಿ ಬೀಳಲಿ.

ಬುಧವಾರ ಹದಿನಾಲ್ಕರಂದು ಭಾವ ಒಂದು ಐದಂತಸ್ತಿನ ಕಟ್ಟಡಕ್ಕೆ ಹೋದರು. ಲಿಫ್ಟಿನ ಬ್ರೇಕು ಸವೆದಿತ್ತು. ‘ಎರಡು ದಿನದೊಳಗೆ ಬದಲಿಸಬೇಕು, ಅಲ್ಲಿಯವರೆಗೆ ಲಿಫ್ಟು ನಿಲ್ಲಿಸಲು ಒಪ್ಪಿಗೆ ಕೊಡಿ’ ಅಂತ ಬರೆದು ಕೆಂಪು ಗುರುತು ಹಾಕಿದರು. ಓಡುವ ಲಿಫ್ಟನ್ನು ಆಫೀಸಿನ ಮಾತಿಲ್ಲದೆ ನಿಲ್ಲಿಸಕೂಡದು ಅನ್ನುವುದು ಕಂಪನಿಯ ನಿಯಮ. ಯಂತ್ರದ ಕೋಣೆಯಲ್ಲಿ ಸಿಗ್ನಲ್ ಇರುವುದಿಲ್ಲವೆಂದು, ಬರೆದ ಹೊತ್ತಿಗೆ ಟ್ಯಾಬ್ಲೆಟ್ಟಿನಲ್ಲಿದ್ದ ತಾರೀಖೇ ದಾಖಲೆಯ ಮೇಲೆ ಬೀಳುವಂತೆ ನಾನು ಮಾಡಿದ್ದೆ. ಹಾಗಾಗಿ ಭಾವನ ಕೆಂಪು ಗುರುತು ಏಳನೇ ತಾರೀಖು ಹೊತ್ತುಕೊಂಡು ಬಂದು, ಸಾಹೇಬರು ಎಂದೋ ನೋಡಿ ಮುಗಿಸಿದ್ದ ಹಳೆಯ ಸಾಲುಗಳ ಕೆಳಗೆ ಹೋಗಿ ಕೂತಿತು. ಯಾರ ಕಣ್ಣಿಗೂ ಬೀಳಲಿಲ್ಲ.

ಗುರುವಾರ ನಾನು ಬಂದೆ, ಹೊಸ ಪ್ರಮಾಣಪತ್ರ ಹಾಕಿದೆ, ಭಾವನ ಟ್ಯಾಬ್ಲೆಟ್ಟಿನ ತಾರೀಖು ಸರಿಮಾಡಿಸಿದೆ. ಸಾಹೇಬರಿಗೆ ಹೀಗಾಗಿತ್ತು ಅಂದೆ. “ಈಗ ಸರಿಹೋಯ್ತಲ್ಲ, ಬಿಡಿ,” ಅಂದರು. ಆ ಮೂರು ದಿನದ ದಾಖಲೆಗಳ ತಾರೀಖು ತಿದ್ದಬೇಕು ಅಂತ ಒಂದು ಕ್ಷಣ ಅನ್ನಿಸಿದ್ದು ನಿಜ. ಸೋಮವಾರ ನೋಡೋಣ ಅಂದುಕೊಂಡೆ. ಹೌದು, ಅದೇ ಮಾತು.

ಶನಿವಾರ ಹದಿನೇಳಕ್ಕೆ ಆ ಲಿಫ್ಟು ಮೂರನೇ ಮಹಡಿಯಿಂದ ಜಾರಿತು. ಒಳಗಿದ್ದವಳು ಅದೇ ಮಹಡಿಯಲ್ಲಿ ಬಟ್ಟೆ ಹೊಲಿಯುವ ಹೆಂಗಸು. ಬಲಗಾಲು ಎರಡು ಕಡೆ ಮುರಿಯಿತು. ಜೀವ ಉಳಿಯಿತು. ಹೊಲಿಗೆ ಯಂತ್ರ ತುಳಿಯುವ ಕಾಲು ಅದು.

ವಿಚಾರಣೆ ನಡೆದದ್ದು ಮಂಗಳವಾರ, ನಮ್ಮ ಆಫೀಸಿನ ಉದ್ದ ಮೇಜಿನ ಕೋಣೆಯಲ್ಲಿ. ಲಿಫ್ಟ್ ಸುರಕ್ಷತೆಯ ಅಧಿಕಾರಿ ಬಂದಿದ್ದರು. ಕನ್ನಡಕಕ್ಕೆ ದಾರ ಕಟ್ಟಿಕೊಂಡ, ಮೆಲುದನಿಯ, ಕೆಟ್ಟವರೇನೂ ಅಲ್ಲದ ಮನುಷ್ಯ. ಅದಕ್ಕೂ ಮುಂಚೆ ನೋಡೋಣ ಸಾಹೇಬರು ನನ್ನನ್ನು ಪಕ್ಕಕ್ಕೆ ಕರೆದು, “ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ. ಒಬ್ಬ ಮೆಕ್ಯಾನಿಕ್ ತಪ್ಪಾದ್ರೆ ಒಬ್ಬನಿಗೇ ಮುಗಿಯುತ್ತೆ. ನಮ್ಮ ಕಂಪ್ಯೂಟರೇ ತಪ್ಪು ಅಂತಾದ್ರೆ ಮೊದಲು ಹೋಗೋದು ಯಾರ ಕೆಲಸ, ಯೋಚನೆ ಮಾಡಿ,” ಅಂದಿದ್ದರು. ಅಮ್ಮನ ಇನ್ನೊಂದು ಕಣ್ಣಿನ ಆಪರೇಶನ್ ಬಾಕಿ ಇತ್ತು. ನಾನು ಯೋಚನೆ ಮಾಡಿದೆ. ಬೇಕಾದದ್ದಕ್ಕಿಂತ ಹೆಚ್ಚೇ ಮಾಡಿದೆ.

ಅಧಿಕಾರಿ ಭಾವನನ್ನು ಕೇಳಿದರು: “ಹದಿನಾಲ್ಕಕ್ಕೆ ಹೋಗಿದ್ದೆ ಅಂತೀರಿ. ದಾಖಲೆ ಇರೋದು ಏಳನೇ ತಾರೀಖಿಂದು. ಏಳಕ್ಕೆ ನೀವು ರಜೆ. ಟ್ಯಾಬ್ಲೆಟ್ಟಿನ ತಾರೀಖು ಕೈಯಿಂದ ಬದಲಾಯಿಸಿರೋ ಗುರುತಿದೆ. ಲಿಫ್ಟು ಬಿದ್ದ ಮೇಲೆ ತಾರೀಖು ಹಿಂದಕ್ಕಿಟ್ಟು ಬರೆದಿದ್ದೀರಿ ಅಂತ ನಾನು ಯಾಕೆ ಅಂದ್ಕೋಬಾರ್ದು?”

“ಇಲ್ಲ ಸ್ವಾಮಿ. ಹದಿನಾಲ್ಕಕ್ಕೇ ಬರೆದೆ. ಪುಟ ತೆರೀಲಿಲ್ಲ. ಅದಕ್ಕೆ ತಾರೀಖು ಹಿಂದಕ್ಕಿಟ್ಟೆ.”

ಕಟ್ಟಡದ ಕಾವಲುಗಾರ ಭಾವನನ್ನು ನೋಡಿಲ್ಲ ಅಂದಿದ್ದ. ಬಾಗಿಲ ಬೀಗದ ನಂಬರು ಭಾವನ ಹತ್ತಿರವೇ ಇರುವಾಗ, ಯಾರು ಬಂದರು ಯಾರು ಹೋದರು ಅವನಿಗೇನು ಗೊತ್ತು? ಕಾರ್ಡು ಇದ್ದಿದ್ದರೆ ಒಂದು ಸಾಲು ಸಾಕಾಗಿತ್ತು. ಕಾರ್ಡಿನ ಮೊಳೆ ಬರಿದಾಗಿತ್ತು.

ಅಧಿಕಾರಿ ನನ್ನ ಕಡೆ ತಿರುಗಿದರು. “ಆ ವಾರ ಪುಟ ತೆರೆಯದೇ ಇರೋ ಅಂಥದ್ದೇನಾದ್ರೂ ಆಗಿತ್ತೇನಮ್ಮ?”

ನಾನು ಬಾಯಿ ತೆರೆಯುವ ಮುಂಚೆ ಸಾಹೇಬರೇ ಹೇಳಿಬಿಟ್ಟರು. “ನಮ್ಮ ವ್ಯವಸ್ಥೆ ಒಂದು ದಿನವೂ ನಿಂತಿಲ್ಲ ಸರ್.”

ನಾನು ಇಲ್ಲ ಅನ್ನಲಿಲ್ಲ. ಹೌದು ಅನ್ನಲಿಲ್ಲ. ಮಡಿಲಲ್ಲಿದ್ದ ಟ್ಯಾಬ್ಲೆಟ್ಟಿನ ಗಾಜನ್ನು ಸೆರಗಿನಿಂದ ಒರೆಸಿದೆ.

“ಹಾಗಾದ್ರೆ ತಾರೀಖು ಬದಲಾಯಿಸು ಅಂತ ನಿಮಗೆ ಹೇಳಿದ್ದು ಯಾರು?” ಅಂತ ಅಧಿಕಾರಿ ಮತ್ತೆ ಭಾವನನ್ನು ಕೇಳಿದರು.

ಭಾವ ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿ ಮತ್ತೆ ಗಾಜು ಒರೆಸುವ ಮುಂಚೆ ಕಂಡದ್ದು ಇಷ್ಟೇ: ಅವರ ತುಟಿ ಮೆಲ್ಲಗೆ ಅಲ್ಲಾಡುತ್ತಿತ್ತು. ಗಾಬರಿಗೆ ನಡುಗುತ್ತಿದೆ ಅಂದುಕೊಂಡೆ. ಬಹಳ ಹೊತ್ತಾದ ಮೇಲೆ ದನಿ ಬಂತು.

“ಯಾರೂ ಇಲ್ಲ. ನಾನೇ.”

ಭಾವನ ಪರವಾನಗಿ ಹೋಯಿತು. ಕಾರಣ: ಸುಳ್ಳು ದಾಖಲೆ. ಅದಿಲ್ಲದೆ ಇನ್ನು ಎಲ್ಲಿಯೂ ಯಾವ ಲಿಫ್ಟಿನ ಒಂದು ಸ್ಕ್ರೂ ಕೂಡ ಮುಟ್ಟುವಂತಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆ ಎತ್ತು ನಾನು. ದಿನಾ ಒಂಬತ್ತೂವರೆಗೆ ಆಫೀಸಿಗೆ ಹೋಗುತ್ತಿದ್ದೆ, ಪ್ರಿಂಟರಿನ ಹಾಳೆ ಬಿಡಿಸುತ್ತಿದ್ದೆ, ಬಾಕ್ಸಿನಲ್ಲಿ ತಂದ ಅನ್ನ ತಿನ್ನುತ್ತಿದ್ದೆ. ಯಾರನ್ನೂ ಬೈಯುತ್ತಿರಲಿಲ್ಲ. ಹುಷಾರಿಲ್ವಾ ಅಂತ ಜನ ಕೇಳಿದರು.

ವಿಚಾರಣೆಯಾದ ಹದಿನಾರನೇ ದಿನ ಅಕ್ಕ ನಮ್ಮ ಮನೆಗೆ ಬಂದಳು. ಅವಳಿಗೆ ಯಾವುದೂ ಗೊತ್ತಿರಲಿಲ್ಲ. ಭಾವ ಹೇಳಿರಲಿಲ್ಲ.

“ನಿನಗೆ ಕಂಪ್ಯೂಟರ್ ಬರುತ್ತಲ್ಲೇ, ಒಂದು ಮೇಲ್ಮನವಿ ಬರ್ದುಕೊಡು. ನಾನು ಹೇಳ್ತೀನಿ, ನೀನು ಚೆನ್ನಾಗಿ ಮಾಡಿ ಹಾಕು.” ಕುರ್ಚಿ ಎಳೆದುಕೊಂಡು ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. “ಬರಿ. ನನ್ನ ಗಂಡ ಇಪ್ಪತ್ತಾರು ವರ್ಷದಲ್ಲಿ ಒಂದು ಸುಳ್ಳು ಬರೆದಿಲ್ಲ. ಬರ್ದ್ಯಾ?”

ನನ್ನ ಬೆರಳು ಏಳಲಿಲ್ಲ. ಅವಳ ಮೊಣಕಾಲಿಗೆ ತಲೆಯಿಟ್ಟು ಅತ್ತುಬಿಟ್ಟೆ. ಎಲ್ಲ ಹೇಳಿದೆ. ಆಫೀಸಿನ ಯಂತ್ರ ಯಾವ ದಾಖಲೆ ಯಾವ ಗಳಿಗೆಗೆ ಕೈಗೆ ಬಂತು ಅಂತ ತನ್ನ ಸ್ವಂತ ಗಡಿಯಾರ ನೋಡಿ ಬರೆದಿಟ್ಟುಕೊಳ್ಳುತ್ತದೆ, ಅದರಲ್ಲಿ ಹದಿನಾಲ್ಕು, ಬೆಳಿಗ್ಗೆ ಹನ್ನೊಂದು ಇಪ್ಪತ್ತು ಅಂತ ಸ್ಪಷ್ಟವಾಗಿದೆ, ಅದನ್ನು ಪ್ರಿಂಟ್ ತೆಗೆದು ಚೀಲದಲ್ಲಿಟ್ಟುಕೊಂಡೇ ವಿಚಾರಣೆಯಲ್ಲಿ ಕೂತಿದ್ದೆ ಅನ್ನುವುದನ್ನೂ ಹೇಳಿದೆ.

ಅಕ್ಕ ನನ್ನನ್ನು ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ನನ್ನ ತಲೆಯನ್ನು ಎರಡೂ ಕೈಯಿಂದ ಎತ್ತಿ ಪಕ್ಕಕ್ಕಿಟ್ಟು ಎದ್ದು ನಿಂತಳು.

“ಚೀಲದಲ್ಲಿತ್ತಾ?” ಅಂದಳು. ಅಷ್ಟೇ ಅಂದು ಚಪ್ಪಲಿ ಮೆಟ್ಟಿ ಹೊರಟುಹೋದಳು.

ಮರುದಿನ ಅಧಿಕಾರಿಯ ಕಚೇರಿಗೆ ಹೋಗಿ ಹಾಳೆ ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಮೂರು ಸಲ ಓದಿದರು.

“ಈ ಯಂತ್ರದ ಒಳಗೆ ಹೋಗೋಕೆ ಯಾರ್ಯಾರಿಗೆ ಬರುತ್ತೆ?”

“ನನಗೊಬ್ಬಳಿಗೇ.”

“ಇದರಲ್ಲಿ ತಿದ್ದೋಕೆ?”

“ಅದೂ ನನಗೊಬ್ಬಳಿಗೇ ಸರ್. ಆದ್ರೆ ನಾನು ತಿದ್ದಿಲ್ಲ. ನೋಡಿ, ಹೊಸ ಪ್ರಮಾಣಪತ್ರ ಹದಿನೈದಕ್ಕೆ ಶುರುವಾಗಿದೆ. ಅಂದ್ರೆ ಹಳೇದು ಅಷ್ಟರಲ್ಲಿ ಮುಗಿದಿತ್ತು ಅಂತಲೇ ಅಲ್ವಾ?”

“ಆ ಪ್ರಮಾಣಪತ್ರ ಕೊಟ್ಟವರು ಯಾರು?”

“ನಾನೇ. ಅದಕ್ಕೆ ನನ್ನದೇ ಸಹಿ.”

“ಆ ಮೆಕ್ಯಾನಿಕ್ ನಿಮಗೇನಾಗ್ಬೇಕು?”

“ಅಕ್ಕನ ಗಂಡ.”

ಅವರು ಕನ್ನಡಕ ತೆಗೆದು ಎದೆಯ ಮೇಲೆ ಬಿಟ್ಟುಕೊಂಡರು. ಮುಖದಲ್ಲಿ ಸಿಟ್ಟಿರಲಿಲ್ಲ.

“ಆವತ್ತು ನಿಮ್ಮನ್ನೇ ಕೇಳಿದೆನಲ್ಲಮ್ಮ. ಒಂದು ಹೌದು ಅಂದಿದ್ರೆ ಈ ಹಾಳೇನೇ ಬೇಕಿರ್ಲಿಲ್ಲ. ಈಗ ಹದಿನೇಳು ದಿನ ಆದ್ಮೇಲೆ, ಸ್ವಂತದವರಿಗೋಸ್ಕರ, ನಿಮ್ಮ ಕೈಲೇ ಇರೋ ಯಂತ್ರದಿಂದ ತಂದಿದ್ದೀರಿ. ನಾನು ನಂಬಿದ್ರೂ ಮೇಲಿನವರು ನಂಬ್ತಾರಾ? ನಿಮ್ಮ ಮ್ಯಾನೇಜರು ಬೇರೆ ಒಂದು ದಿನವೂ ನಿಂತಿಲ್ಲ ಅಂತ ಬರೆದುಕೊಟ್ಟಿದ್ದಾರೆ.”

ಹಾಳೆಯನ್ನು ಕಡತಕ್ಕೆ ಸೇರಿಸಿಕೊಂಡರು. ತಿಂಗಳ ನಂತರ ಒಂದು ಸಾಲಿನ ಉತ್ತರ ಬಂತು: ಪರಿಶೀಲಿಸಲಾಗಿದೆ, ಆದೇಶದಲ್ಲಿ ಬದಲಾವಣೆ ಇಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅಂತ ಅಮ್ಮ ಹೇಳುತ್ತಿದ್ದಳು. ಹೋದದ್ದು ನನ್ನ ಮಾನವಾಗಿದ್ದರೆ ಸಹಿಸಬಹುದಿತ್ತು.

ನನ್ನ ಕೆಲಸ ಹೋಗಲಿಲ್ಲ. ಅಧಿಕಾರಿಯ ಹತ್ತಿರ ಹೋಗಿದ್ದಕ್ಕೆ ಸಾಹೇಬರು ಕಿಡಿಕಿಡಿಯಾದರು, ಆದರೆ ತೆಗೆಯಲಿಲ್ಲ. ಹೇಗೆ ತೆಗೆಯುತ್ತಾರೆ? ಒಳಗೆ ಹೋಗುವ ದಾರಿ ಗೊತ್ತಿದ್ದದ್ದು ನನಗೊಬ್ಬಳಿಗೇ. ಇದು ವಿಚಾರಣೆಯ ದಿನವೂ ಹೀಗೇ ಇತ್ತು. ಅಷ್ಟು ಸಣ್ಣ ಲೆಕ್ಕ ಆಗ ನನ್ನ ತಲೆಗೆ ಹೋಗಲಿಲ್ಲ. ಈಗ ಪ್ರಮಾಣಪತ್ರ ತಾನಾಗಿ ಹೊಸದಾಗುತ್ತದೆ, ಸಾಹೇಬರು ಒಂದೇ ಮಾತಿಗೆ ಒಪ್ಪಿದರು. ಯಂತ್ರದ ಕೋಣೆಗಳಿಗೆ ಕಾರ್ಡು ವಾಪಸ್ಸು ಬಂದಿದೆ, ಅಚ್ಚು ಹಾಕಿಸಿದ್ದು ನಾನೇ. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ಆ ಜಾಣರ ಸಾಲಿನಲ್ಲಿ ನಾನೇ ಮೊದಲು.

ಕಳೆದ ಭಾನುವಾರ ಅಕ್ಕನ ಮನೆಗೆ ಹೋದೆ. ಬಾಗಿಲು ತೆಗೆದ ಅಕ್ಕ ಹಾಗೇ ತಿರುಗಿ ಒಳಗೆ ಹೋದಳು. ಭಾವ ಹಿಂದಿನ ಜಗಲಿಯಲ್ಲಿ ನೆಲಕ್ಕೆ ಕಾಗದ ಹಾಸಿ ಕೂತು ಯಾರದೋ ಮಿಕ್ಸಿ ಬಿಚ್ಚಿದ್ದರು. ಈಗ ಅದೇ ಅವರ ಕೆಲಸ, ಮಿಕ್ಸಿ, ಫ್ಯಾನು, ಇಸ್ತ್ರಿ ಪೆಟ್ಟಿಗೆ. ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಜೋಡಿಸಿದ್ದರು.

“ಬಾ ಪುಟ್ಟಿ. ಅಮ್ಮನ ಕಣ್ಣು ಹೇಗಿದೆ?”

“ಚೆನ್ನಾಗಿದೆ.” ಹತ್ತಿರ ಕೂತೆ. “ಭಾವ, ಯಾಕೆ ನನ್ನ ಹೆಸರು ಹೇಳ್ಲಿಲ್ಲ? ಹೇಳಿದ್ರೆ ನಾನು ಇಲ್ಲ ಅಂತಿರ್ಲಿಲ್ಲ.”

ಅವರು ಮಿಕ್ಸಿಯ ಮೋಟಾರಿನ ಕಾರ್ಬನ್ ತುಂಡನ್ನು ಬೆರಳಲ್ಲಿ ತಿರುಗಿಸಿ ನೋಡಿದರು, ಸವೆದಿತ್ತು, ಪಕ್ಕಕ್ಕಿಟ್ಟರು.

“ನಾನು ಹೇಳಿದ್ರೆ ಅದು ದೂರು ಆಗುತ್ತೆ. ನೀನಾಗೇ ಹೇಳ್ತೀಯ ಅಂತ ನೋಡ್ದೆ. ನಿನ್ನ ಮುಖ ನೋಡ್ತಾ ಹತ್ತು ಎಣಿಸ್ದೆ, ಪುಟ್ಟಿ. ನಿಧಾನಕ್ಕೇ ಎಣಿಸ್ದೆ.” ಸ್ಕ್ರೂಡ್ರೈವರ್ ತೆಗೆದುಕೊಂಡರು. “ಎಂಟಕ್ಕೆ ನೀನು ಮತ್ತೆ ಗಾಜು ಒರೆಸೋಕೆ ಶುರು ಮಾಡ್ದೆ. ಆದ್ರೂ ಹತ್ತರವರೆಗೂ ಎಣಿಸ್ದೆ.”

ಒಳಗಿನಿಂದ ಅಕ್ಕ ಊಟಕ್ಕೆ ಕರೆದಳು. ಅವರನ್ನು ಮಾತ್ರ ಕರೆದಳು.